ಮೇಕಪ್ ಬ್ರಷ್ ಶುಚಿಯಾಗಿದ್ದರೆ ಮುಖವೂ ಕ್ಷೇಮ

ಹೊಸಪೇಟೆ: ಮದುವೆ ಮನೆಯಲ್ಲಿ ಅಲಂಕಾರವು ವಧುವೊಬ್ಬಳಿಗೇ ಮುಗಿಯುವುದಿಲ್ಲ. ವಧುವಿನ ಮುಖಕ್ಕೆ ಬಣ್ಣ ಹಚ್ಚಿ ಮುಗಿಯುವ ಹೊತ್ತಿಗೆ ಅಕ್ಕ, ತಂಗಿ, ಅತ್ತಿಗೆ, ಸೋದರತ್ತೆಯರು ಸಾಲಾಗಿ ಕುಳಿತಿರುತ್ತಾರೆ. ಮುಹೂರ್ತ ಮೀರುವ ಆತುರದಲ್ಲಿ ಒಂದೇ ಬ್ರಷ್ ಐದಾರು ಮುಖಗಳ ಮೇಲೆ ಓಡಾಡುತ್ತದೆ. ಸಮಾರಂಭ ಮುಗಿದ ಮೇಲೆ ಅದೇ ಬ್ರಷ್ ತೊಳೆಯದೆ ಪೆಟ್ಟಿಗೆ ಸೇರುತ್ತದೆ.

ಮನೆಯಲ್ಲಿಯೇ ಬ್ಯೂಟಿ ಪಾರ್ಲರ್ ನಡೆಸಿ ಜೀವನ ಸಾಗಿಸುವ ಮಹಿಳೆಯರು ಹೊಸಪೇಟೆ, ಕಂಪ್ಲಿ, ಸಂಡೂರಿನಂತಹ ಊರುಗಳಲ್ಲಿಯೂ ಇದ್ದಾರೆ. ಒಬ್ಬ ಗ್ರಾಹಕಿಯ ಮುಖದಲ್ಲಿ ಗುಳ್ಳೆ ಎದ್ದರೂ ಅವರ ಹೆಸರು ಕೆಡುತ್ತದೆ. ಬ್ರಷ್ ತೊಳೆಯಲು ಬೇಕಾದ್ದು ಒಂದಿಷ್ಟು ಶಾಂಪೂ, ಉಗುರುಬೆಚ್ಚನೆಯ ನೀರು ಮತ್ತು ಸ್ವಲ್ಪ ತಾಳ್ಮೆ ಮಾತ್ರ.

ತೊಳೆಯುವುದು ಏಕೆ?

ಬ್ರಷ್‌ನ ಎಳೆಗಳ ನಡುವೆ ಉಳಿದ ಬಣ್ಣ, ಚರ್ಮದ ಜಿಡ್ಡು, ಬೆವರು ಮತ್ತು ಸತ್ತ ಚರ್ಮದ ಕಣಗಳು ಸೂಕ್ಷ್ಮಾಣುಗಳಿಗೆ ಆಹಾರವಾಗುತ್ತವೆ. ಬ್ರಿಟನ್ನಿನ ಆಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಳಕೆಯಲ್ಲಿದ್ದ 467 ಪ್ರಸಾಧನ ವಸ್ತುಗಳನ್ನು ಪರೀಕ್ಷಿಸಿದ್ದರು. ಅವುಗಳಲ್ಲಿ ಬಹುಪಾಲು ವಸ್ತುಗಳಲ್ಲಿ ಬ್ಯಾಕ್ಟೀರಿಯಾ ಕಂಡುಬಂದಿತು. ಎಲ್ಲಕ್ಕಿಂತ ಹೆಚ್ಚು ಮಲಿನವಾಗಿದ್ದುದು ಬಣ್ಣ ಹರಡುವ ಸ್ಪಂಜು. ಅಂತಹ ಸ್ಪಂಜುಗಳಲ್ಲಿ ಶೇ. 93ರಷ್ಟು ಒಮ್ಮೆಯೂ ತೊಳೆದವಲ್ಲ ಎಂಬುದು ಬಳಕೆದಾರರಿಂದಲೇ ತಿಳಿದುಬಂದಿತ್ತು.

ಈ ಭಾಗದಲ್ಲಿ ಇನ್ನೂ ಒಂದು ಕಾರಣವಿದೆ. ಅದಿರು ಸಾಗಿಸುವ ಲಾರಿಗಳ ಮಾರ್ಗದಲ್ಲಿ ಏಳುವ ಕೆಂಧೂಳು ಮನೆಯೊಳಗೂ ಬರುತ್ತದೆ. ಕನ್ನಡಿಯ ಮುಂದೆ ತೆರೆದಿಟ್ಟ ಬ್ರಷ್ ಈ ಧೂಳನ್ನು ಹಿಡಿದಿಟ್ಟುಕೊಂಡು ಮರುದಿನ ಕೆನ್ನೆಗೆ ಉಜ್ಜುತ್ತದೆ.

ಬ್ರಷ್‌ನ ರಚನೆ

ಬ್ರಷ್‌ನಲ್ಲಿ ಮೂರು ಭಾಗಗಳಿವೆ: ಎಳೆಗಳು, ಅವುಗಳನ್ನು ಬಿಗಿಹಿಡಿದ ಲೋಹದ ಕವಚ ಮತ್ತು ಹಿಡಿ. ಕವಚದೊಳಗೆ ಎಳೆಗಳನ್ನು ಅಂಟಿನಿಂದ ಕೂಡಿಸಿರುತ್ತಾರೆ. ನೀರು ಅಲ್ಲಿಗೆ ಇಳಿದರೆ ಅಂಟು ಸಡಿಲಗೊಂಡು ಎಳೆಗಳು ಉದುರತೊಡಗುತ್ತವೆ. ಬ್ರಷ್ ಬೇಗ ಹಾಳಾಗುವುದು ತೊಳೆಯುವುದರಿಂದಲ್ಲ, ತಪ್ಪಾಗಿ ತೊಳೆಯುವುದರಿಂದ.

ಎಳೆಗಳಲ್ಲಿ ಎರಡು ಬಗೆ. ಆಡು ಮೊದಲಾದ ಪ್ರಾಣಿಗಳ ರೋಮದ ಬ್ರಷ್ ಪೌಡರಿಗೆ ಹೆಚ್ಚು ಸೂಕ್ತ. ಇದು ನಮ್ಮ ತಲೆಗೂದಲಿನಂತೆ ಒರಟಾಗಬಲ್ಲದು. ನೈಲಾನ್‌ನಂತಹ ಕೃತಕ ಎಳೆಗಳ ಬ್ರಷ್ ಕ್ರೀಮ್ ಹಾಗೂ ದ್ರವರೂಪದ ಬಣ್ಣಗಳಿಗೆ ಒಳ್ಳೆಯದು. ಇದು ತೊಳೆತವನ್ನು ಚೆನ್ನಾಗಿ ತಾಳುತ್ತದೆ.

ತೊಳೆಯುವ ಕ್ರಮ

1. ಒಣ ಬ್ರಷ್ಷನ್ನು ಹಳೆಯ ಹತ್ತಿ ಬಟ್ಟೆಯ ಮೇಲೆ ಮೃದುವಾಗಿ ಆಡಿಸಿ, ಉಳಿದ ಪುಡಿಯನ್ನು ತೆಗೆಯಬೇಕು.

2. ತುದಿಯನ್ನು ಕೆಳಮುಖವಾಗಿ ಹಿಡಿದು ಉಗುರುಬೆಚ್ಚನೆಯ ನೀರಿನಲ್ಲಿ ಎಳೆಗಳನ್ನಷ್ಟೇ ನೆನೆಸಬೇಕು. ಲೋಹದ ಕವಚ ಮುಳುಗಬಾರದು. ಕುದಿನೀರು ಬೇಡ.

3. ಅಂಗೈಯಲ್ಲಿ ಮಕ್ಕಳ ಶಾಂಪೂವಿನ ಒಂದೆರಡು ಹನಿ ಹಾಕಿಕೊಂಡು ಬ್ರಷ್ಷನ್ನು ವೃತ್ತಾಕಾರವಾಗಿ ತಿರುಗಿಸಬೇಕು. ಒತ್ತಿ ಉಜ್ಜಬಾರದು.

4. ನೊರೆಯಲ್ಲಿ ಬಣ್ಣ ಕಾಣದಾಗುವವರೆಗೆ ಇದನ್ನೇ ಪುನರಾವರ್ತಿಸಿ, ಹರಿಯುವ ನೀರಿನಲ್ಲಿ ಜಾಲಿಸಬೇಕು.

5. ಟವೆಲ್‌ನಿಂದ ನೀರು ಹಿಂಡಿ, ಬೆರಳಿನಿಂದ ಎಳೆಗಳನ್ನು ಮೊದಲಿನ ಆಕಾರಕ್ಕೆ ತರಬೇಕು.

ಬೋರ್‌ವೆಲ್‌ನ ಗಡಸು ನೀರಿನಲ್ಲಿ ಸೋಪು ನೊರೆ ಬಿಡುವುದಿಲ್ಲ. ಬದಲಿಗೆ ಬಿಳಿಯ ಕೊಳೆಯಾಗಿ ಎಳೆಗಳಿಗೆ ಅಂಟಿಕೊಳ್ಳುತ್ತದೆ. ಶಾಂಪೂವಿಗೆ ಈ ತೊಂದರೆ ಕಡಿಮೆ. ಕೊನೆಯ ಜಾಲನೆಗೆ ಫಿಲ್ಟರ್ ನೀರು ಬಳಸಿದರೆ ಎಳೆಗಳು ನಯವಾಗಿ ಉಳಿಯುತ್ತವೆ. ಸೀಗೆಪುಡಿಯ ಕಣಗಳು ಎಳೆಗಳ ನಡುವೆ ಸಿಕ್ಕಿಕೊಳ್ಳುತ್ತವೆ. ಬಟ್ಟೆಯ ಪುಡಿ, ಪಾತ್ರೆಯ ಸೋಪು ರೋಮವನ್ನು ಒರಟಾಗಿಸುತ್ತವೆ.

ಒಣಗಿಸುವುದರಲ್ಲಿಯೇ ಗುಟ್ಟು

ತೊಳೆದ ಬ್ರಷ್ಷನ್ನು ಲೋಟದಲ್ಲಿ ನೇರವಾಗಿ ನಿಲ್ಲಿಸುವುದು ಸಾಮಾನ್ಯ ತಪ್ಪು. ಹಾಗೆ ಮಾಡಿದರೆ ನೀರು ಕವಚದೊಳಗೆ ಇಳಿಯುತ್ತದೆ. ಬ್ರಷ್ಷನ್ನು ಮೇಜಿನ ಅಂಚಿನಲ್ಲಿ ಮಲಗಿಸಿ, ಎಳೆಗಳ ಭಾಗ ಮಾತ್ರ ಅಂಚಿನಿಂದ ಹೊರಚಾಚುವಂತೆ ಇಟ್ಟರೆ ಎಲ್ಲ ಕಡೆಯಿಂದಲೂ ಗಾಳಿಯಾಡುತ್ತದೆ. ಏಪ್ರಿಲ್–ಮೇ ತಿಂಗಳ ಇಲ್ಲಿನ ಬಿರುಬಿಸಿಲಿಗಾಗಲಿ, ಹೇರ್ ಡ್ರೈಯರ್‌ನ ಬಿಸಿಗಾಗಲಿ ಒಡ್ಡದೆ, ಫ್ಯಾನಿನ ಕೆಳಗೆ ಒಂದು ರಾತ್ರಿ ಬಿಡುವುದು ಲೇಸು. ದಪ್ಪ ಬ್ರಷ್‌ಗಳಿಗೆ ಇನ್ನೂ ಹೆಚ್ಚು ಸಮಯ ಬೇಕು. ತೇವವಿರುವಾಗಲೇ ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ.

ಎಣ್ಣೆ ಬಣ್ಣಕ್ಕೆ ಎಣ್ಣೆಯೇ ಮದ್ದು

ಹೊಸಪೇಟೆ ತಾಲ್ಲೂಕಿನ ಮರಿಯಮ್ಮನಹಳ್ಳಿ ರಂಗಕಲಾವಿದೆಯರ ಊರೆಂದೇ ಹೆಸರಾಗಿದೆ. 2021ರಲ್ಲಿ ಪದ್ಮಶ್ರೀ ಗೌರವಕ್ಕೆ ಪಾತ್ರರಾದ ಮಂಜಮ್ಮ ಜೋಗತಿ ಅವರು ನೆಲೆಸಿರುವುದೂ ಅಲ್ಲಿಯೇ. ನಾಟಕ, ಬಯಲಾಟಗಳ ಕಲಾವಿದರು ರಾತ್ರಿಯ ಆಟ ಮುಗಿದ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ತೆಗೆಯುವ ರೂಢಿ ಹಳೆಯದು. ಇದರ ಹಿಂದಿನ ತತ್ವ ಸರಳ: ಜಿಡ್ಡಿನ ಬಣ್ಣ ನೀರಿಗೆ ಬಿಡುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ.

ಬ್ರಷ್‌ಗೂ ಇದೇ ಕ್ರಮ ಅನ್ವಯಿಸುತ್ತದೆ. ಲಿಪ್‌ಸ್ಟಿಕ್, ಫೌಂಡೇಶನ್, ನಾಟಕದ ಜಿಡ್ಡುಬಣ್ಣ ಮೆತ್ತಿದ್ದರೆ ಮೊದಲು ಎರಡು ಹನಿ ಕೊಬ್ಬರಿ ಎಣ್ಣೆಯಲ್ಲಿ ಆಡಿಸಿ, ಬಟ್ಟೆಯಿಂದ ಒರೆಸಿ, ಅನಂತರ ಶಾಂಪೂ ಬಳಸಬೇಕು. ಹಿಂದೆ ಬಯಲಾಟಗಳಲ್ಲಿ ಬಳಸುತ್ತಿದ್ದ ಅರದಾಳದಲ್ಲಿ ಆರ್ಸೆನಿಕ್, ಇಂಗಳೀಕದಲ್ಲಿ ಪಾದರಸ ಇರುತ್ತದೆ. ಇವು ಮೆತ್ತಿದ ಹಳೆಯ ಬ್ರಷ್‌ಗಳು ಯಾರ ಮನೆಯಲ್ಲಾದರೂ ಉಳಿದಿದ್ದರೆ ಅವನ್ನು ತೊಳೆದು ಮುಖಕ್ಕೆ ಬಳಸುವ ಯೋಚನೆ ಮಾಡಬಾರದು.

ಹಲವರಿಗೆ ಬಳಸುವಾಗ

ಒಬ್ಬರ ನಂತರ ಮತ್ತೊಬ್ಬರಿಗೆ ಬಳಸುವ ಬ್ರಷ್ಷನ್ನು ಪ್ರತಿ ಬಾರಿಯೂ ಶುಚಿಗೊಳಿಸಬೇಕು. ಇದಕ್ಕೆ ಸುಲಭ ದಾರಿ ಎರಡು ಜೊತೆ ಬ್ರಷ್ ಇಟ್ಟುಕೊಳ್ಳುವುದು. ಅವಸರದ ಸಂದರ್ಭದಲ್ಲಿ ಬಣ್ಣವನ್ನು ಚೆನ್ನಾಗಿ ಒರೆಸಿ, ಶೇ. 70ರ ಐಸೋಪ್ರೊಪೈಲ್ ಆಲ್ಕೋಹಾಲ್ ಸಿಂಪಡಿಸಿ, ಪೂರ್ಣ ಆರಿದ ಮೇಲೆ ಬಳಸಬಹುದು. ಶೇ. 99ರದು ಬೇಗ ಆರಿಹೋಗುವುದರಿಂದ ಅದಕ್ಕಿಂತ ಶೇ. 70ರದೇ ಪರಿಣಾಮಕಾರಿ. ಇದು ಬೆಂಕಿ ಹತ್ತುವ ದ್ರವ. ದೀಪ, ಒಲೆಯಿಂದ ದೂರವಿಡಬೇಕು. ಬಣ್ಣ ಮೆತ್ತಿಕೊಂಡಿರುವ ಬ್ರಷ್‌ನಲ್ಲಿ ಇದು ಒಳಗಿನವರೆಗೆ ತಲುಪುವುದಿಲ್ಲವಾದ್ದರಿಂದ ತೊಳೆತಕ್ಕೆ ಪರ್ಯಾಯವಲ್ಲ.

ಕಣ್ಣಿನ ವಿಷಯದಲ್ಲಿ ರಿಯಾಯಿತಿ ಸಲ್ಲದು. 2023ರ ಮಳೆಗಾಲದಲ್ಲಿ ರಾಜ್ಯದಾದ್ಯಂತ ಮದ್ರಾಸ್ ಐ ಹರಡಿದ್ದನ್ನು ಯಾರೂ ಮರೆತಿಲ್ಲ. ಈ ಬೇನೆ ತರುವ ವೈರಾಣು ಆಲ್ಕೋಹಾಲ್‌ಗೆ ಸುಲಭವಾಗಿ ಸಾಯುವುದಿಲ್ಲ. ಕಣ್ಣು ಕೆಂಪಾದವರಿಗೆ ಕಾಡಿಗೆ, ಮಸ್ಕಾರ ಹಚ್ಚಬಾರದು. ಹಚ್ಚಿದ್ದರೆ ಆ ಬ್ರಷ್ ಮತ್ತೊಬ್ಬರಿಗೆ ಬೇಡ.

ಎಷ್ಟು ದಿನಕ್ಕೊಮ್ಮೆ?

ಸ್ವಂತಕ್ಕೆ ಬಳಸುವ ಬ್ರಷ್‌ಗಳನ್ನು 7ರಿಂದ 10 ದಿನಗಳಿಗೊಮ್ಮೆ ತೊಳೆಯಬೇಕೆಂಬುದು ಅಮೆರಿಕದ ಚರ್ಮವೈದ್ಯರ ಅಕಾಡೆಮಿಯ ಸಲಹೆ. ಸ್ಪಂಜನ್ನು ಪ್ರತಿ ಬಳಕೆಯ ನಂತರವೂ ತೊಳೆಯುವುದು ಒಳ್ಳೆಯದು. ಮಸ್ಕಾರವನ್ನು ಮೂರು ತಿಂಗಳಿಗೆ ಬದಲಿಸಬೇಕು. ಎಳೆಗಳು ಉದುರತೊಡಗಿದರೆ, ತೊಳೆದ ಮೇಲೂ ವಾಸನೆ ಹೋಗದಿದ್ದರೆ, ಚರ್ಮಕ್ಕೆ ಚುಚ್ಚುವಂತಾದರೆ ಬ್ರಷ್‌ನ ಆಯುಷ್ಯ ಮುಗಿಯಿತೆಂದೇ ತಿಳಿಯಬೇಕು.

ಬ್ರಷ್ ಶುಚಿಯಾಗಿದ್ದರೂ ಗುಳ್ಳೆ, ತುರಿಕೆ, ಕಣ್ಣಿನ ಉರಿ ಕಡಿಮೆಯಾಗದಿದ್ದರೆ ಮನೆಮದ್ದಿಗೆ ಕಾಯದೆ ವೈದ್ಯರನ್ನು ಕಾಣುವುದು ಉತ್ತಮ.