ಕೋಲಾಟದ ಲೆಕ್ಕ, ಕಂಪ್ಯೂಟರಿನ ಹೆಜ್ಜೆ

ಕಂಪ್ಯೂಟರ್ ನೃತ್ಯ ಸಂಯೋಜಿಸುತ್ತದೆ ಎಂದ ಕೂಡಲೇ ಕಲೆ ಕೆಟ್ಟಿತು ಎನ್ನುವವರು ಜಡೆ ಕೋಲಾಟವನ್ನು ಗಮನವಿಟ್ಟು ನೋಡಬೇಕು. ಮೇಲಿಂದ ಇಳಿಬಿಟ್ಟ ಬಣ್ಣದ ಹಗ್ಗಗಳ ತುದಿ ಒಬ್ಬೊಬ್ಬರ ಕೈಯಲ್ಲಿರುತ್ತದೆ. ಅರ್ಧ ಜನ ಬಲಕ್ಕೆ, ಅರ್ಧ ಜನ ಎಡಕ್ಕೆ ಸುತ್ತುತ್ತಾರೆ. ಎದುರಾದ ಮೊದಲನೆಯವರನ್ನು ಒಳಗಿನಿಂದ, ಮುಂದಿನವರನ್ನು ಹೊರಗಿನಿಂದ ದಾಟುತ್ತ ಹೋದಂತೆ ಜಡೆ ಹೆಣೆದುಕೊಳ್ಳುತ್ತದೆ. ಬಿಚ್ಚುವುದಕ್ಕೆ ಬೇರೆ ಪಾಠವಿಲ್ಲ, ಹಾಕಿದ ಹೆಜ್ಜೆಗಳನ್ನೇ ಹಿಂದುಮುಂದಾಗಿ ಹಾಕಬೇಕು. ಒಬ್ಬರು ತಪ್ಪಿದರೂ ಗಂಟು. ಇದು ಅಪ್ಪಟ ಅಲ್ಗಾರಿದಮ್. ಹದಿನಾರನೆಯ ಶತಮಾನದಲ್ಲಿ ಕರ್ನಾಟಕದ ಪುಂಡರೀಕ ವಿಠಲ 'ನರ್ತನನಿರ್ಣಯ'ದಲ್ಲಿ ನಿಯಮಕ್ಕೊಳಪಟ್ಟ ಬಂಧ ನೃತ್ಯವನ್ನೂ ನಿಯಮ ಬಿಟ್ಟ ಅನಿಬಂಧವನ್ನೂ ಬೇರೆಬೇರೆಯಾಗಿಯೇ ವಿವರಿಸಿದ. ಹಾಗಾಗಿ ನಿಯಮ ಕಲೆಯ ವೈರಿಯೇ ಎಂಬ ಚರ್ಚೆ ಹಳೆಯದು. ಇವತ್ತು ಕೇಳಬೇಕಾದದ್ದು, ಆ ನಿಯಮ ಯಾರ ಹೆಜ್ಜೆಯಿಂದ ಹುಟ್ಟುತ್ತದೆ ಎಂಬುದು.

ಅಮೆರಿಕದ ನೃತ್ಯ ಸಂಯೋಜಕ ಮರ್ಸ್ ಕನ್ನಿಂಗ್‌ಹ್ಯಾಮ್ 1951ರ ಹೊತ್ತಿಗೇ ನಾಣ್ಯ ಚಿಮ್ಮಿ ಹೆಜ್ಜೆಗಳ ಸರದಿ ನಿರ್ಧರಿಸುತ್ತಿದ್ದರು. 1964ರಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಜೀನ್ ಬೀಮನ್ ಆ ಕೆಲಸವನ್ನು ಐಬಿಎಂ ಯಂತ್ರಕ್ಕೆ ಒಪ್ಪಿಸಿದರು. ಗತಿ, ದಿಕ್ಕು, ಚಲನೆಗಳ ಪಟ್ಟಿಗಳಿಂದ ಯಂತ್ರ ಮನಬಂದಂತೆ ಆರಿಸಿ ಕೊಡುತ್ತಿತ್ತು. ಒಂದು ಆದೇಶಕ್ಕೂ ಮುಂದಿನದಕ್ಕೂ ಸೇತುವೆ ಕಟ್ಟುವುದು ಮಾತ್ರ ನರ್ತಕರ ಪಾಲಿಗೇ ಉಳಿಯಿತು. ಮುಂದೆ ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದಲ್ಲಿ ತಯಾರಾದ 'ಲೈಫ್ ಫಾರ್ಮ್ಸ್' ತಂತ್ರಾಂಶ ಹಿಡಿದು ಕನ್ನಿಂಗ್‌ಹ್ಯಾಮ್ 1991ರಲ್ಲಿ 'ಟ್ರ್ಯಾಕರ್ಸ್' ನೃತ್ಯ ಕಟ್ಟಿದರು. ನಮ್ಮಲ್ಲಿ ಸಂಗೀತಾ ಜಾಧವ್ ಮತ್ತು ಸಂಗಡಿಗರು 2012ರಲ್ಲಿ ಭರತನಾಟ್ಯದ ಸಂಯೋಜನೆಗೆ ಜೀವವಿಕಾಸದ ಮಾದರಿಯ ಅಲ್ಗಾರಿದಮ್ ಒಂದನ್ನು ಮುಂದಿಟ್ಟರು. ಅಲ್ಲಿಯವರೆಗೂ ನಿಯಮ ಬರೆಯುವವರು ಮನುಷ್ಯರೇ ಆಗಿದ್ದರು, ಯಂತ್ರ ಅದನ್ನು ಪಾಲಿಸುತ್ತಿತ್ತು, ಅಷ್ಟೆ.

ದಿಕ್ಕು ತಿರುಗಿದ್ದು 2016ರ ಆಚೀಚೆ. ಸ್ವೀಡನ್ನಿನ 'ಕೋರ್-ಆರ್‌ಎನ್‌ಎನ್' ಮುಂತಾದ ತಂತ್ರಾಂಶಗಳು ನಿಯಮವನ್ನು ಕೇಳಲೇ ಇಲ್ಲ. ಕುಣಿದವರ ದಾಖಲೆಯಿಂದ ತಾವೇ ಕಲಿತವು. 2021ರಲ್ಲಿ ಗೂಗಲ್ ಸಂಶೋಧಕರು ಹೊರತಂದ 'ಎಐಎಸ್‌ಟಿ ಪ್ಲಸ್ ಪ್ಲಸ್' ದತ್ತಾಂಶದಲ್ಲಿ ಇರುವುದು 5.2 ಗಂಟೆಗಳ ಚಲನೆ, 10 ಪ್ರಕಾರಗಳು: ಬ್ರೇಕ್, ಹಿಪ್-ಹಾಪ್, ಬ್ಯಾಲೆ ಜಾಝ್ ಇತ್ಯಾದಿ. ದೇಹವೆಂದರೆ ಅಲ್ಲಿ 24 ಕೀಲುಗಳ ಅಸ್ಥಿಪಂಜರ. ಒಂದೊಂದು ಬೆರಳಿನ ಲೆಕ್ಕ ಇಲ್ಲ, ಕಣ್ಣಂತೂ ಇಲ್ಲವೇ ಇಲ್ಲ. ಅಂದಮೇಲೆ ಹಸ್ತಮುದ್ರೆಯ ಮಾತೆಲ್ಲಿ? ಕುಣಿಯುವವರೂ ಒಬ್ಬೊಬ್ಬರೇ. ರಾಯಚೂರು ಜಿಲ್ಲೆಯ ದೇವದುರ್ಗ, ಮಾನ್ವಿ ಸೀಮೆಯ ಹಳ್ಳಿಗಳಲ್ಲಿ ಮೊಹರಂ ಬಂದಾಗ ಅಲಾಯಿ ಕುಣಿಯ (ಬೆಂಕಿಯ ಗುಂಡಿಯ) ಸುತ್ತ ಹಿಂದೂ ಮುಸ್ಲಿಮರು ಕೂಡಿ ಹಾಕುವ ಹೆಜ್ಜೆಯಲ್ಲಿ ಒಬ್ಬೊಬ್ಬರಾಗಿ ಕುಣಿಯುವುದಕ್ಕೆ ಅರ್ಥವೇ ಇಲ್ಲ. ಪಕ್ಕದವನ ಭುಜ, ಹಲಗೆಯ ಪೆಟ್ಟು, ಸುತ್ತಿನ ಅಗಲ, ಇವು ಸೇರಿದರೇ ಹೆಜ್ಜೆ. ಇಂಥ ದಾಖಲೆ ಉಣ್ಣದ ಯಂತ್ರಕ್ಕೆ 'ರಾಯಚೂರಿನ ಕುಣಿತ ಮಾಡು' ಎಂದರೆ ಅದು ಹಿಪ್-ಹಾಪಿಗೇ ಪಂಚೆ ಉಡಿಸೀತು.

ಯಂತ್ರಕ್ಕೆ ಭಾವವಿಲ್ಲ, ಅದಕ್ಕೆ ಕುಣಿತ ಕಲಿಸುವ ತಾಪತ್ರಯವೇ ಬೇಡ ಎನ್ನುವವರಿದ್ದಾರೆ. ಕನ್ನಿಂಗ್‌ಹ್ಯಾಮ್ ಚಿಮ್ಮಿದ ನಾಣ್ಯಕ್ಕೂ ಭಾವ ಇರಲಿಲ್ಲ. ಅದು ಕೊಟ್ಟ ಸರದಿಗೆ ಜೀವ ತುಂಬಿದ್ದು ನರ್ತಕರು. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯದು: ಊರಿಂದೂರಿಗೆ ಬದಲಾಗುವ ಹೆಜ್ಜೆಯನ್ನು ದಾಖಲಿಸಿದರೆ ದಾಖಲಾದ ಒಂದೇ ರೂಪ ಪ್ರಮಾಣವಾಗಿ, ಉಳಿದವು 'ತಪ್ಪು' ಅನ್ನಿಸಿಕೊಳ್ಳುತ್ತವೆ. ಈ ಅಪಾಯ ನಿಜ. ಆದರೆ ಒಂದೇ ಮೇಳವನ್ನು ವೇದಿಕೆ ಹತ್ತಿಸಿ ಚಿತ್ರೀಕರಿಸಿದಾಗಲೇ ಅದು ದೊಡ್ಡದಾಗುವುದು. ಹತ್ತೂರಿನ ಹೆಜ್ಜೆ ಅಕ್ಕಪಕ್ಕ ಕೂತರೆ ವ್ಯತ್ಯಾಸವೂ ದತ್ತಾಂಶವೇ ಆಗುತ್ತದೆ. ಕೃತಕ ಬುದ್ಧಿಮತ್ತೆ ಕಲಿಸುವ ಐಐಐಟಿ ಈಗ ರಾಯಚೂರಿನಲ್ಲೇ ಇದೆ, ಕುಣಿಯುವವರು ಅದರ ಸುತ್ತಲಿನ ಹಳ್ಳಿಗಳಲ್ಲೇ ಇದ್ದಾರೆ. ಮೇಳದವರ ಒಪ್ಪಿಗೆ ಪಡೆದು, ಅವರ ಹೆಸರು ಹಾಕಿ, ಪೂರಾ ಸುತ್ತನ್ನೂ ಹಲಗೆ ಬಾರಿಸುವವನ ಕೈಯನ್ನೂ ಒಟ್ಟಿಗೇ ಹಿಡಿಯುವಂತೆ ಕ್ಯಾಮೆರಾ ನಿಲ್ಲಿಸಬೇಕು. ಅವನ ಪೆಟ್ಟು ಬದಲಾದಾಗಲೇ ಹೆಜ್ಜೆಯೂ ಬದಲಾಗುವುದು.