ನೀಲಿಮೆಯ ಸಾಕ್ಷ್ಯ: ರಕ್ತದ ಆಮ್ಲಜನಕವೂ ಚರ್ಮದ ವರ್ಣವೂ

ರೋಗಿಯ ತುಟಿ, ಉಗುರು, ನಾಲಗೆಗಳಲ್ಲಿ ತೋರುವ ನೀಲಿಮೆಯನ್ನು ಹೃದಯ ಮತ್ತು ಶ್ವಾಸಕೋಶಗಳ ವ್ಯಾಧಿಗೆ ಲಕ್ಷಣವೆಂದು ವೈದ್ಯರು ಬಹುಕಾಲದಿಂದ ಪರಿಗಣಿಸುತ್ತ ಬಂದಿರುವರು. ಸಯನೋಸಿಸ್ ಎಂಬ ಹೆಸರಿನ ಈ ಲಕ್ಷಣವು ಆಮ್ಲಜನಕದ ಕೊರತೆಯನ್ನು ಎಷ್ಟರಮಟ್ಟಿಗೆ ಯಥಾರ್ಥವಾಗಿ ಸೂಚಿಸಬಲ್ಲದು, ಅದು ಕಾಣದಿದ್ದಾಗ ರೋಗಿಯು ಕ್ಷೇಮದಲ್ಲಿರುವನೆಂದು ನಿಶ್ಚಯಿಸಬಹುದೇ ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಆಮ್ಲಜನಕದೊಡನೆ ಕೂಡಿದ ಹಿಮೋಗ್ಲೋಬಿನ್ ಉಜ್ಜ್ವಲವಾದ ಕೆಂಪು. ಅದನ್ನು ತ್ಯಜಿಸಿದ ಹಿಮೋಗ್ಲೋಬಿನ್ ಕಪ್ಪುಗೆಂಪು. ಚರ್ಮದ ಲೋಮನಾಳಗಳಲ್ಲಿ ಈ ಎರಡನೆಯದರ ಪ್ರಮಾಣ 100 ಮಿಲಿಲೀಟರ್ ರಕ್ತಕ್ಕೆ ಸುಮಾರು 5 ಗ್ರಾಂ ಮುಟ್ಟಿದಾಗ ನೀಲಿಮೆ ಗೋಚರಿಸುವುದೆಂದು ಡೆನ್ಮಾರ್ಕಿನ ಕ್ರಿಸ್ಟೆನ್ ಲುಂಡ್ಸ್‌ಗಾರ್ಡ್ 1919ರಲ್ಲಿ ಪ್ರತಿಪಾದಿಸಿದರು. 1923ರಲ್ಲಿ ಡೊನಾಲ್ಡ್ ವ್ಯಾನ್ ಸ್ಲೈಕ್ ಅವರೊಡಗೂಡಿ ಅದನ್ನು ಸವಿಸ್ತಾರವಾಗಿ ನಿರೂಪಿಸಿದರು. ಆದಕಾರಣ ನೀಲಿಮೆಯನ್ನು ನಿರ್ಣಯಿಸುವುದು ಆಮ್ಲಜನಕದ ಶೇಕಡಾಂಶವಲ್ಲ, ಆಮ್ಲಜನಕರಹಿತ ಹಿಮೋಗ್ಲೋಬಿನ್ನಿನ ಒಟ್ಟು ಪರಿಮಾಣ.

ಈ ತತ್ತ್ವದ ಪರಿಣಾಮ ಗಂಭೀರವಾದುದು. ಹುಟ್ಟಿನಿಂದಲೇ ರಕ್ತದ ಆಮ್ಲಜನಕವನ್ನು ಕುಂದಿಸುವ ಹೃದ್ರೋಗವುಳ್ಳ ಶಿಶುವಿನ ದೇಹವು ಕೊರತೆಯನ್ನು ನೀಗಲು ಕೆಂಪು ರಕ್ತಕಣಗಳನ್ನು ಅಧಿಕವಾಗಿ ಉತ್ಪಾದಿಸುವುದರಿಂದ ಅದರ ನೀಲಿಮೆ ಬೇಗನೆ ಎದ್ದುಕಾಣುವುದು. 100 ಮಿಲಿಲೀಟರ್ ರಕ್ತಕ್ಕೆ ಕೇವಲ 6 ಗ್ರಾಂ ಹಿಮೋಗ್ಲೋಬಿನ್ ಉಳ್ಳ ರಕ್ತಹೀನ ರೋಗಿಯಲ್ಲಾದರೋ ಅದರಲ್ಲಿ 5 ಗ್ರಾಂ ಹಿಮೋಗ್ಲೋಬಿನ್ ಆಮ್ಲಜನಕವನ್ನು ಕಳೆದುಕೊಳ್ಳಬೇಕಾದರೆ ಆಮ್ಲಜನಕಸಹಿತವಾಗಿ ಉಳಿಯುವುದು ಒಂದೇ ಗ್ರಾಂ. ನೀಲಿಮೆ ತೋರುವ ಮುನ್ನವೇ ಪ್ರಾಣಕ್ಕೆ ಅಪಾಯ ಒದಗುವುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಭಾರತೀಯ ಸ್ತ್ರೀಯರಲ್ಲಿ ಶೇಕಡಾ 57 ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದುದರಿಂದ, ಈ ವಿಚಾರವು ನಮ್ಮ ದೇಶಕ್ಕೆ ವಿಶೇಷವಾಗಿ ಅನ್ವಯಿಸುವುದು.

ನೀಲಿಮೆಯು ದಾರಿತಪ್ಪಿಸುವ ಬೇರೆ ನಿದರ್ಶನಗಳೂ ಉಂಟು. ಚಳಿಗೆ ಬೆರಳುಗಳು ನೀಲಿಗಟ್ಟಿದರೂ ಧಮನಿಯ ರಕ್ತವು ಆಮ್ಲಜನಕದಿಂದ ಪೂರ್ಣವಾಗಿರಬಹುದು. ಇಂಗಾಲದ ಮೊನಾಕ್ಸೈಡಿನ ವಿಷಕ್ಕೆ ತುತ್ತಾದವನಲ್ಲಿ ಅಂಗಾಂಶಗಳು ಆಮ್ಲಜನಕವಿಲ್ಲದೆ ನಶಿಸುತ್ತಿದ್ದರೂ ನೀಲಿಮೆಯು ಕಾಣದೆಹೋಗುವುದು.

ನೋಡುವ ಕಣ್ಣಿಗೂ ಮಿತಿಯುಂಟು. ಆಮ್ಲಜನಕದ ಮಟ್ಟ ಶೇಕಡಾ 80ರಷ್ಟಕ್ಕೆ ಇಳಿಯುವವರೆಗೆ ಬಹುಮಂದಿ ಪರೀಕ್ಷಕರು ನೀಲಿಮೆಯನ್ನು ಖಚಿತವಾಗಿ ಗುರುತಿಸಲಾರರೆಂದು 1947ರಲ್ಲಿ ಅಮೆರಿಕದ ಸಂಶೋಧಕರಾದ ಕಾಮ್ರೋ ಮತ್ತು ಬೊಟೆಲೊ ತೋರಿಸಿದರು. ಶ್ಯಾಮಲ ಚರ್ಮದಲ್ಲಿ ಮೆಲನಿನ್ ಎಂಬ ವರ್ಣದ್ರವ್ಯವು ಈ ಕಾರ್ಯವನ್ನು ಇನ್ನಷ್ಟು ದುಷ್ಕರವಾಗಿಸುವುದು. ಜಪಾನಿನ ತಕುವೊ ಅಯೊಯಾಗಿ 1974ರ ಸುಮಾರಿಗೆ ರೂಪಿಸಿದ ತತ್ತ್ವವನ್ನು ಅವಲಂಬಿಸಿದ, ರಕ್ತದ ಆಮ್ಲಜನಕವನ್ನು ಅಳೆಯುವ ಪಲ್ಸ್ ಆಕ್ಸಿಮೀಟರ್ ಕಣ್ಣಿನ ಈ ದೌರ್ಬಲ್ಯವನ್ನು ಬಹುಮಟ್ಟಿಗೆ ಪರಿಹರಿಸಿತಾದರೂ, ಅದು ಪತ್ತೆಮಾಡದೆ ಬಿಟ್ಟ ಆಮ್ಲಜನಕದ ಕೊರತೆಯು ಬಿಳಿಯರಿಗಿಂತ ಕಪ್ಪು ವರ್ಣದವರಲ್ಲಿ ಸುಮಾರು ಮೂರು ಪಟ್ಟು ಹೆಚ್ಚೆಂದು 2020ರ ಅಮೆರಿಕದ ಅಧ್ಯಯನವೊಂದು ಪ್ರಕಟಪಡಿಸಿತು.

ಆದುದರಿಂದ ನೀಲಿಮೆ ಇದ್ದರೆ ಅದನ್ನು ಎಚ್ಚರಿಕೆಯೆಂದು ಗ್ರಹಿಸಬೇಕು. ಇಲ್ಲದಿದ್ದರೆ ಅದನ್ನು ಅಭಯವೆಂದು ಭಾವಿಸಕೂಡದು. ನಮ್ಮ ವೈದ್ಯರೂ ದಾದಿಯರೂ ಹಗಲಿನ ಬೆಳಕಿನಲ್ಲಿ ನಾಲಗೆಯನ್ನು ಪರೀಕ್ಷಿಸಿ, ಉಸಿರಾಟದ ವೇಗವನ್ನು ಎಣಿಸಿ, ಹಿಮೋಗ್ಲೋಬಿನ್ನಿನ ಪ್ರಮಾಣವನ್ನು ತಿಳಿದು, ಸಂಶಯವಿದ್ದೆಡೆ ಧಮನಿಯ ರಕ್ತವನ್ನೇ ಪರೀಕ್ಷೆಗೆ ಒಳಪಡಿಸಿದ ಬಳಿಕವೇ ನಿರ್ಣಯಕ್ಕೆ ಬರತಕ್ಕದ್ದು.