ತುಡಿತವನ್ನು ದಾಟಿಸುವ ವಿದ್ಯೆ

ತನ್ನ ದೇಹವನ್ನು ತಾನೇ ನೋಯಿಸಿಕೊಳ್ಳುವ ತುಡಿತಕ್ಕೆ ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ಆಸ್ಪತ್ರೆಗಳ ಬಳಿ ಇದ್ದ ಉತ್ತರ ಹೆಚ್ಚಾಗಿ ತಡೆಗಟ್ಟುವುದಷ್ಟೇ. ರೋಗಿಯನ್ನು ಬರಿದಾದ ಕೋಣೆಯಲ್ಲಿ ಒಂಟಿಯಾಗಿ ಇರಿಸುತ್ತಿದ್ದರು, ಮಂಚಕ್ಕೆ ಬಿಗಿಯುತ್ತಿದ್ದರು, ಮಂಪರು ಬರಿಸುವ ಔಷಧ ಕೊಡುತ್ತಿದ್ದರು. ಆಸ್ಪತ್ರೆಯ ಹೊರಗೆ ಕಾನೂನು ಇಂಥವರನ್ನು ಅನುಮಾನದಿಂದ ನೋಡುತ್ತಿತ್ತು, ಮನೆಯವರು ಮರ್ಯಾದೆಗೆ ಅಂಜಿ ಬಾಯಿ ಬಿಡುತ್ತಿರಲಿಲ್ಲ. ಆ ತುಡಿತ ಎದ್ದ ಗಳಿಗೆಯಲ್ಲಿ ಏನು ಮಾಡಬೇಕೆಂಬುದನ್ನು ಈಜು ಕಲಿಸಿದಂತೆ ಕಲಿಸಬಹುದು ಎಂಬ ವಿಚಾರ ಮನೋವೈದ್ಯಕ್ಕೆ ಬಂದದ್ದು ತೀರ ಈಚೆಗೆ.

ಈ ವರ್ತನೆಯನ್ನು ಅರ್ಥ ಮಾಡಿಕೊಳ್ಳುವ ಪ್ರಯತ್ನ ಮಾತ್ರ ಅದಕ್ಕೂ ಮೊದಲೇ ಶುರುವಾಗಿತ್ತು. ಅಮೆರಿಕದ ಮನೋವೈದ್ಯ ಕಾರ್ಲ್ ಮೆನಿಂಜರ್ 1938ರಲ್ಲಿ ಪ್ರಕಟಿಸಿದ 'ಮ್ಯಾನ್ ಅಗೇನ್‌ಸ್ಟ್ ಹಿಮ್‌ಸೆಲ್ಫ್' ಎಂಬ ಪುಸ್ತಕದಲ್ಲಿ, ಗಾಯ ಮಾಡಿಕೊಳ್ಳುವವರೆಲ್ಲ ಸಾಯಲು ಹೊರಟವರಲ್ಲ, ಹಲವರು ಸಾವನ್ನು ದೂರವಿಡುವುದಕ್ಕೇ ಹಾಗೆ ಮಾಡುತ್ತಾರೆ ಎಂದು ವಾದಿಸಿದ. ತಡೆಯಲಾರದ ಸಂಕಟವನ್ನು ಹೇಗೋ ಕೆಳಗಿಳಿಸುವ ದಾರಿ ಅವರಿಗೆ ಅದೊಂದೇ ಆಗಿ ಕಂಡಿರುತ್ತದೆ. ಸುಮಾರು ಅರ್ಧ ಶತಮಾನದ ಬಳಿಕ, 1987ರಲ್ಲಿ, ಆರ್ಮಾಂಡೊ ಫವಾಜಾ ಎಂಬ ಮನೋವೈದ್ಯ ಇದೇ ಮಾತನ್ನು ಇನ್ನಷ್ಟು ವಿಸ್ತಾರವಾಗಿ, ಬೇರೆಬೇರೆ ಸಂಸ್ಕೃತಿಗಳ ಉದಾಹರಣೆಗಳೊಂದಿಗೆ ಮುಂದಿಟ್ಟ. 'ಜನರ ಗಮನ ಸೆಳೆಯಲು ಆಡುವ ಆಟ' ಎಂಬ ತಾತ್ಸಾರಕ್ಕೆ ಇದರಿಂದ ಪೆಟ್ಟು ಬಿತ್ತು. ಆದರೂ ಕಾರಣ ತಿಳಿದಷ್ಟಕ್ಕೆ ಕಷ್ಟದಲ್ಲಿದ್ದವರಿಗೆ ದಾರಿ ಸಿಕ್ಕಿತೆಂದಲ್ಲ. ರಾತ್ರಿ ಹನ್ನೊಂದಕ್ಕೆ ತುಡಿತ ಎದ್ದರೆ ಬೆಳಗಿನವರೆಗೆ ಹೇಗೆ ಇರಬೇಕು ಎಂಬ ಪ್ರಶ್ನೆ ಹಾಗೆಯೇ ಉಳಿದಿತ್ತು.

ಅದಕ್ಕೆ ಒಂದು ಉತ್ತರ ಇವರಿಬ್ಬರ ನಡುವಿನ ಕಾಲದಲ್ಲೇ ಲಂಡನ್ನಿನ ಚರ್ಚೊಂದರಲ್ಲಿ ಹುಟ್ಟಿತ್ತು. ಛಾಡ್ ವಾರಾ ಎಂಬ ಪಾದ್ರಿ 1935ರಲ್ಲಿ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳ ಅಂತ್ಯಸಂಸ್ಕಾರ ನಡೆಸಬೇಕಾಯಿತು. ಮೊದಲ ಮುಟ್ಟನ್ನು ಕೆಟ್ಟ ರೋಗವೆಂದು ಬಗೆದು, ಯಾರನ್ನೂ ಕೇಳಲಾರದೆ ಆಕೆ ಜೀವ ಕಳೆದುಕೊಂಡಿದ್ದಳು. ಆ ಸಾವು ಅವನನ್ನು ಬಿಡಲಿಲ್ಲ. 1953ರ ನವೆಂಬರ್ 2ರಂದು ಸೇಂಟ್ ಸ್ಟೀಫನ್ ವಾಲ್‌ಬ್ರೂಕ್ ಚರ್ಚಿನಲ್ಲಿ ಅವನು ಒಂದು ದೂರವಾಣಿ ಇಟ್ಟುಕೊಂಡು ಕುಳಿತ. ಕರೆ ಮಾಡುವವರಿಗೆ, ಖುದ್ದಾಗಿ ಬರುವವರಿಗೆ ಸಲಹೆ ಕೊಡುವುದು ಅವನ ಉದ್ದೇಶವಾಗಿತ್ತು. ಬಂದವರು ತಮ್ಮ ಸರದಿಗೆ ಕಾಯುವಾಗ ಚಹಾ ಕೊಟ್ಟು ಜೊತೆಗೆ ಕೂರಲೆಂದು ಕೆಲವು ಸ್ವಯಂಸೇವಕರು ಸೇರಿಕೊಂಡರು. ಇವರೊಡನೆ ಮನಬಿಚ್ಚಿ ಮಾತಾಡಿದ ಎಷ್ಟೋ ಮಂದಿ ಪಾದ್ರಿಯನ್ನು ನೋಡುವ ಅಗತ್ಯವೇ ಇಲ್ಲವೆಂದು ಹೊರಟುಹೋಗುತ್ತಿದ್ದರು. ವಾರಾ ಇದನ್ನು ಗಮನಿಸಿ, ಕೆಲವೇ ತಿಂಗಳಲ್ಲಿ, 1954ರ ಫೆಬ್ರವರಿಯಲ್ಲಿ, ಕೇಳಿಸಿಕೊಳ್ಳುವ ಕೆಲಸವನ್ನೆಲ್ಲ ಅವರಿಗೇ ಒಪ್ಪಿಸಿದ. ಸಮಾರಿಟನ್ಸ್ ಸಂಸ್ಥೆ ಬೆಳೆದದ್ದು ಹೀಗೆ. ಪಂಡಿತನೊಬ್ಬ ತನ್ನ ಸಲಹೆಗಿಂತ ಸಾಮಾನ್ಯರ ಕಿವಿಗೆ ಹೆಚ್ಚು ಶಕ್ತಿಯಿದೆ ಎಂದು ಒಪ್ಪಿಕೊಂಡ ಈ ನಿರ್ಧಾರ ಮನೋಆರೋಗ್ಯದ ಇತಿಹಾಸದಲ್ಲಿ ದೊಡ್ಡದು. ಇಂಗ್ಲೆಂಡಿನಲ್ಲಿ ಆತ್ಮಹತ್ಯಾ ಪ್ರಯತ್ನ ಆಗ ಇನ್ನೂ ಅಪರಾಧವೇ ಆಗಿತ್ತು, ಆ ಕಾನೂನು ಹೋದದ್ದು 1961ರಲ್ಲಿ.

ಅದೇ 1961ರಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ನಗರದ ಮಾನಸಿಕ ಆಸ್ಪತ್ರೆಗೆ ಹದಿನೇಳು ವರ್ಷದ ಮಾರ್ಶಾ ಲಿನಹಾನ್ ದಾಖಲಾದಳು. ತನ್ನನ್ನು ತಾನು ಮತ್ತೆಮತ್ತೆ ಗಾಯಗೊಳಿಸಿಕೊಳ್ಳುತ್ತಿದ್ದ ಆಕೆಗೆ ಸ್ಕಿಜೋಫ್ರೇನಿಯಾ ಎಂದು ರೋಗನಿರ್ಣಯ ಮಾಡಿ, ಭಾರೀ ಔಷಧ, ವಿದ್ಯುತ್ ಚಿಕಿತ್ಸೆ, ಏಕಾಂತದ ಕೋಣೆ ಎಲ್ಲವನ್ನೂ ಪ್ರಯೋಗಿಸಿದರು. ಯಾವುದೂ ತುಡಿತವನ್ನು ಕಳೆಯಲಿಲ್ಲ. ಎರಡು ವರ್ಷಕ್ಕೂ ಮೀರಿ ಅಲ್ಲಿದ್ದು 1963ರಲ್ಲಿ ಹೊರಬಂದ ಲಿನಹಾನ್, ಈ ನರಕದಿಂದ ತಾನು ಪಾರಾದರೆ ಉಳಿದವರನ್ನೂ ಪಾರುಮಾಡಲು ಹಿಂದಿರುಗುತ್ತೇನೆಂದು ಸಂಕಲ್ಪ ಮಾಡಿಕೊಂಡಿದ್ದಳು. ಮುಂದೆ ಶಿಕಾಗೋದ ಲೊಯೋಲಾ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರದ ಡಾಕ್ಟರೇಟ್ ಪಡೆದು, ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾದರು. ತಾವೂ ಒಮ್ಮೆ ಇದೇ ರೋಗಿಯಾಗಿದ್ದವರೆಂದು ಅವರು ಬಹಿರಂಗವಾಗಿ ಹೇಳಿಕೊಂಡದ್ದು 2011ರಲ್ಲಿ, ಅದೂ ತಮ್ಮನ್ನು ಇರಿಸಿದ್ದ ಆ ಆಸ್ಪತ್ರೆಯಲ್ಲೇ.

ಲಿನಹಾನ್ ಮೊದಮೊದಲು ರೋಗಿಗಳ ವರ್ತನೆಯನ್ನು ತಿದ್ದುವ ಮಾಮೂಲಿ ಚಿಕಿತ್ಸೆಯನ್ನೇ ನಡೆಸಿದರು. 'ಬದಲಾಗಿ' ಎಂದಾಗಲೆಲ್ಲ ರೋಗಿಗಳಿಗೆ ತಮ್ಮ ಸಂಕಟವನ್ನೇ ಸುಳ್ಳೆಂದಂತೆ ಕೇಳಿಸುತ್ತಿತ್ತು. ಬರೀ ಸಹಾನುಭೂತಿ ತೋರಿಸಿದರೆ ಏನೂ ಬದಲಾಗುತ್ತಿರಲಿಲ್ಲ. ಇರುವುದನ್ನು ಇರುವ ಹಾಗೆ ಒಪ್ಪುವುದು, ಜೊತೆಗೇ ಬದಲಾವಣೆಗೆ ದುಡಿಯುವುದು, ಇವೆರಡನ್ನೂ ಒಟ್ಟಿಗೆ ಹಿಡಿಯಬೇಕು ಎಂದು ಅವರು ಕಂಡುಕೊಂಡರು. ಒಪ್ಪುವ ವಿದ್ಯೆಯನ್ನು ಕಲಿಯಲು ಕ್ಯಾಲಿಫೋರ್ನಿಯಾದ ಶಾಸ್ತಾ ಅಬ್ಬಿ ಎಂಬ ಝೆನ್ ಮಠಕ್ಕೆ ಹೋದರು, ಆಮೇಲೆ ಜರ್ಮನಿಯಲ್ಲಿ ವಿಲ್ಲಿಗಿಸ್ ಯೇಗರ್ ಎಂಬ ಗುರುವಿನ ಬಳಿ ಅಭ್ಯಾಸ ಮಾಡಿದರು. ಭಾರತದಲ್ಲಿ ಹುಟ್ಟಿ ಚೀನಾ, ಜಪಾನ್ ಸುತ್ತಿ ಪಶ್ಚಿಮ ಮುಟ್ಟಿದ್ದ ಧ್ಯಾನ ಹೀಗೆ ಆಸ್ಪತ್ರೆಯ ಪಾಠಪಟ್ಟಿಗೆ ಬಂತು. ಈ ಚಿಕಿತ್ಸೆಗೆ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ, ಚಿಕ್ಕದಾಗಿ ಡಿಬಿಟಿ, ಎಂದು ಹೆಸರಾಯಿತು. ಅದರ ಮೊದಲ ಪರೀಕ್ಷೆಯ ಫಲ 1991ರಲ್ಲಿ ಪ್ರಕಟವಾಯಿತು, ಕೈಪಿಡಿ 1993ರಲ್ಲಿ ಬಂತು. 101 ಮಹಿಳೆಯರನ್ನು ಒಳಗೊಂಡು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಡಿಬಿಟಿ ಪಡೆದವರಲ್ಲಿ ಆತ್ಮಹತ್ಯೆಗೆ ಯತ್ನಿಸುವ ಸಂಭವ ಬೇರೆ ನುರಿತ ಚಿಕಿತ್ಸಕರ ಬಳಿ ಹೋದವರಿಗಿಂತ ಅರ್ಧದಷ್ಟಾಗಿತ್ತು.

ಡಿಬಿಟಿಯ ಒಂದು ಭಾಗ ಪೂರ್ತಿಯಾಗಿ ಆ ಕಠಿಣ ಗಳಿಗೆಗೇ ಮೀಸಲು. ಬಿಕ್ಕಟ್ಟಿನ ಹೊತ್ತಿನಲ್ಲಿ ಮನಸ್ಸಿಗೆ ಬುದ್ಧಿ ಹೇಳಿ ಪ್ರಯೋಜನ ಕಡಿಮೆ, ಮೊದಲು ದೇಹವನ್ನು ಶಾಂತಗೊಳಿಸಬೇಕು ಎಂಬುದು ಅದರ ಅಡಿಪಾಯ. ಉಸಿರು ಹಿಡಿದು ಮುಖಕ್ಕೆ ತಣ್ಣೀರು ತಾಗಿಸಿದರೆ ಎದೆಬಡಿತ ನಿಧಾನವಾಗುತ್ತದೆ. ನೀರಿನಲ್ಲಿ ಮುಳುಗುವ ಸಸ್ತನಿಗಳಿಗೆಲ್ಲ ಇರುವ ಸಹಜ ಪ್ರತಿಕ್ರಿಯೆ ಇದು. ಹೃದಯದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಮಾಡಬಾರದು. ಕೆಲವು ನಿಮಿಷ ಬಿರುಸಾಗಿ ನಡೆಯುವುದು, ಮೆಟ್ಟಿಲು ಹತ್ತಿ ಇಳಿಯುವುದು ಮೈಯಲ್ಲಿ ಕಟ್ಟಿಕೊಂಡ ಉದ್ವೇಗಕ್ಕೆ ಹೊರದಾರಿ ಕೊಡುತ್ತದೆ. ಒಳಗೆಳೆದುಕೊಳ್ಳುವುದಕ್ಕಿಂತ ನಿಧಾನವಾಗಿ ಉಸಿರು ಬಿಡುವುದು ಇನ್ನೊಂದು ಉಪಾಯ. ಒಂದೊಂದೇ ಸ್ನಾಯುವನ್ನು ಬಿಗಿಹಿಡಿದು ಸಡಿಲಿಸುವ ಕ್ರಮವೂ ಇದೆ. ಅದನ್ನು ಶಿಕಾಗೋದ ವೈದ್ಯ ಎಡ್ಮಂಡ್ ಜೇಕಬ್ಸನ್ 1929ರಷ್ಟು ಹಿಂದೆಯೇ ಪುಸ್ತಕವಾಗಿ ಬರೆದಿದ್ದ. ಇಷ್ಟವಾದ ಹಾಡು ಕೇಳುವುದು, ಪರಿಮಳದ ಸೋಪಿನಲ್ಲಿ ಸ್ನಾನ ಮಾಡುವುದು, ಮೆತ್ತನೆಯ ಹೊದಿಕೆ ಹೊದ್ದು ಕೂರುವುದು, ಹೀಗೆ ಐದು ಇಂದ್ರಿಯಗಳಿಗೂ ನೆಮ್ಮದಿ ಕೊಡುವ ಸಣ್ಣಪುಟ್ಟ ಕೆಲಸಗಳನ್ನೂ ಅಲ್ಲಿ ಪಾಠವಾಗಿಯೇ ಹೇಳಿಕೊಡುತ್ತಾರೆ. ಗಾಯ ಮಾಡಿಕೊಂಡ ಮೇಲಲ್ಲ, ಅದಕ್ಕೆ ಮೊದಲೇ ಚಿಕಿತ್ಸಕರಿಗೆ ಫೋನು ಮಾಡುವುದನ್ನೂ ರೋಗಿ ಅಭ್ಯಾಸ ಮಾಡುತ್ತಾನೆ. ಒಂದು ಕಾಲಕ್ಕೆ ದೊಡ್ಡ ನೋವಿನ ಬದಲು ಸಣ್ಣ ನೋವು ಕೊಟ್ಟುಕೊಳ್ಳಿ ಎಂಬ ಸಲಹೆಯೂ ಚಾಲ್ತಿಯಲ್ಲಿತ್ತು. ನೋವಿಗೂ ಸಮಾಧಾನಕ್ಕೂ ಬಿದ್ದ ಗಂಟನ್ನು ಅದು ಬಿಚ್ಚುವುದಿಲ್ಲವೆಂದು ಹಲವು ಚಿಕಿತ್ಸಕರು ಅದನ್ನು ಕೈಬಿಟ್ಟಿದ್ದಾರೆ, ಅದೇ ಸರಿ.

ಅದೇ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಆಲನ್ ಮಾರ್ಲಟ್ ಎಂಬ ಮನಶ್ಶಾಸ್ತ್ರಜ್ಞ ಕುಡಿತ, ಧೂಮಪಾನ ಬಿಡಿಸುವ ಕೆಲಸದಲ್ಲಿದ್ದರು. ತುಡಿತ ಏರುತ್ತಲೇ ಹೋಗುವುದಿಲ್ಲ, ಅಲೆಯ ಹಾಗೆ ಎದ್ದು, ತುದಿ ಮುಟ್ಟಿ, ಇಳಿಯುತ್ತದೆ ಎಂದು ಅವರು ರೋಗಿಗಳಿಗೆ ಹೇಳಿಕೊಟ್ಟರು. ಅದರೊಡನೆ ಗುದ್ದಾಡದೆ, ಅದಕ್ಕೆ ಮಣಿಯದೆ, ಮೈಯ ಯಾವ ಭಾಗದಲ್ಲಿ ಹೇಗೆ ಅನ್ನಿಸುತ್ತಿದೆ ಎಂದು ಗಮನಿಸುತ್ತ ಅಲೆಯ ಮೇಲೆ ತೇಲಿ ದಡ ಸೇರುವ ಈ ಕ್ರಮವನ್ನು ಸ್ವಯಂಹಾನಿಯ ಚಿಕಿತ್ಸೆಯಲ್ಲೂ ಬಳಸುತ್ತಾರೆ.

ತುಡಿತ ಎದ್ದಾಗ ಕಲಿತದ್ದು ನೆನಪಾಗುವುದು ಕಷ್ಟ. ಅದಕ್ಕೆಂದು ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ಒಂದೇ ಹಾಳೆಯ ಸುರಕ್ಷಾ ಯೋಜನೆಯನ್ನು ರೂಪಿಸಿದರು. ಮನಸ್ಸು ತಿಳಿಯಾಗಿರುವಾಗ ರೋಗಿ ತನ್ನ ಕೈಬರಹದಲ್ಲೇ ಅದನ್ನು ತುಂಬುತ್ತಾನೆ: ಬಿಕ್ಕಟ್ಟಿನ ಮುನ್ಸೂಚನೆ ಯಾವುದು, ಒಬ್ಬನೇ ಇರುವಾಗ ಏನು ಮಾಡಬಹುದು, ಎಲ್ಲಿಗೆ ಹೋದರೆ ಮನಸ್ಸು ಬೇರೆಡೆ ಹೊರಳುತ್ತದೆ, ಯಾರ ಬಳಿ ನೆರವು ಕೇಳಬಹುದು, ಯಾವ ವೈದ್ಯರಿಗೆ ಫೋನು ಮಾಡಬೇಕು. ಅಪಾಯ ತರುವ ವಸ್ತುಗಳನ್ನು ಮನೆಯಿಂದ ಸಾಗಿಸುವುದು ಕೊನೆಯ ಹೆಜ್ಜೆ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಈ ಹಾಳೆ ತುಂಬಿಸಿ, ಆಮೇಲೆ ಫೋನಿನಲ್ಲಿ ವಿಚಾರಿಸಿಕೊಂಡಾಗ ಆರು ತಿಂಗಳಲ್ಲಿ ಆತ್ಮಹತ್ಯೆಗೆ ಸಂಬಂಧಿಸಿದ ವರ್ತನೆ ಶೇ. 45ರಷ್ಟು ಕಡಿಮೆಯಾದದ್ದು 2018ರಲ್ಲಿ ವರದಿಯಾಯಿತು. ವಿಚಾರಿಸಿಕೊಳ್ಳುವುದರ ಬೆಲೆಯನ್ನು ಸ್ಯಾನ್‌ಫ್ರಾನ್ಸಿಸ್ಕೊದ ಜೆರೋಮ್ ಮಾಟೊ ಅದಕ್ಕೂ ಮೊದಲೇ ತೋರಿಸಿದ್ದರು. ಆಸ್ಪತ್ರೆಯಿಂದ ಹೋದ ಮೇಲೆ ಚಿಕಿತ್ಸೆ ಮುಂದುವರಿಸದ 843 ಮಂದಿಯಲ್ಲಿ ಒಂದು ಗುಂಪಿಗೆ ಅವರು ಆಗಾಗ್ಗೆ ಚಿಕ್ಕ ಪತ್ರ ಬರೆಸುತ್ತಿದ್ದರು. ಪತ್ರಗಳಲ್ಲಿ ಬೇಡಿಕೆ ಏನೂ ಇರುತ್ತಿರಲಿಲ್ಲ, ಕ್ಷೇಮವೇ ಎಂದು ಕೇಳುವ ಒಂದೆರಡು ಸಾಲು ಅಷ್ಟೇ. ಮೊದಲ ಎರಡು ವರ್ಷಗಳಲ್ಲಿ ಪತ್ರ ಬಂದವರ ಗುಂಪಿನಲ್ಲಿ ಆತ್ಮಹತ್ಯೆ ಕಡಿಮೆಯಿತ್ತು.

ಭಾರತದಲ್ಲಿ ಈ ದಾರಿಗೆ ಕಾನೂನೇ ಬಹುಕಾಲ ಅಡ್ಡವಾಗಿತ್ತು. 1860ರ ದಂಡಸಂಹಿತೆಯ 309ನೆಯ ಕಲಮು ಆತ್ಮಹತ್ಯಾ ಪ್ರಯತ್ನಕ್ಕೆ ಒಂದು ವರ್ಷದವರೆಗೆ ಜೈಲು ವಿಧಿಸುತ್ತಿತ್ತು. ಪೊಲೀಸ್ ಕೇಸಿನ ಭಯಕ್ಕೆ ಗಾಯವನ್ನು ಮುಚ್ಚಿಡುವುದು, ಆಕಸ್ಮಿಕವೆಂದು ಹೇಳುವುದು ರೂಢಿಯಾಗಿತ್ತು. ಅಂಥ ವಾತಾವರಣದಲ್ಲೇ ಲಕ್ಷ್ಮೀ ವಿಜಯಕುಮಾರ್ 1986ರಲ್ಲಿ ಚೆನ್ನೈಯಲ್ಲಿ 'ಸ್ನೇಹಾ' ಸಂಸ್ಥೆಯನ್ನು ಆರಂಭಿಸಿ, ವಾರಾನ ಮಾದರಿಯಲ್ಲಿ ಕೇಳಿಸಿಕೊಳ್ಳುವ ಸ್ವಯಂಸೇವಕರ ಪಡೆ ಕಟ್ಟಿದರು. 2017ರ ಮಾನಸಿಕ ಆರೋಗ್ಯ ಕಾಯ್ದೆ, ಇಂಥ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಬೇಕು, ಶಿಕ್ಷಿಸಬಾರದು, ಆರೈಕೆ ಒದಗಿಸುವುದು ಸರ್ಕಾರದ ಹೊಣೆ ಎಂದು ಹೇಳಿತು. ಅದು ಜಾರಿಗೆ ಬಂದದ್ದು 2018ರ ಮೇ 29ರಂದು. 2024ರ ಜುಲೈ 1ರಿಂದ ನಡೆಯುತ್ತಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೆಯ ಕಲಮು ಇಲ್ಲ.

ಕರ್ನಾಟಕದ ಪಾಲು ಇಲ್ಲಿ ಸಣ್ಣದಲ್ಲ. ಮನೋಚಿಕಿತ್ಸೆಯನ್ನು ಆಸ್ಪತ್ರೆಯ ಗೋಡೆಯಾಚೆ ಒಯ್ಯುವ ಪ್ರಯೋಗವನ್ನು ನಿಮ್ಹಾನ್ಸ್ ಎಪ್ಪತ್ತರ ದಶಕದಲ್ಲಿ ಬೆಂಗಳೂರಿನ ಸಮೀಪದ ಸಕಲವಾರದಲ್ಲಿ, ಎಂಬತ್ತರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿತು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿಯಾಯಿತು. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಟೆಲಿ ಮಾನಸ್ ಸಹಾಯವಾಣಿ ತೆರೆದಾಗ ಅದರ ಮುಖ್ಯ ಕೇಂದ್ರದ ಹೊಣೆಯೂ ನಿಮ್ಹಾನ್ಸ್‌ಗೇ ಬಂತು. 14416ಕ್ಕೆ ಹಗಲಿನಲ್ಲೂ ನಡುರಾತ್ರಿಯಲ್ಲೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ತುಡಿತ ಎದ್ದವರು, ಮನೆಯಲ್ಲಿ ಅಂಥವರನ್ನು ಕಂಡು ಏನು ಮಾಡಬೇಕೆಂದು ತೋಚದವರು, ಇಬ್ಬರೂ ಈ ಸಂಖ್ಯೆಯನ್ನು ಇವತ್ತೇ ಫೋನಿನಲ್ಲಿ ಬರೆದಿಟ್ಟುಕೊಳ್ಳಲಿ. ಜೀವಕ್ಕೆ ಕೂಡಲೇ ಅಪಾಯ ಕಂಡರೆ ಮಾತ್ರ ಕಾಯದೆ 112ಕ್ಕೆ ಕರೆ ಮಾಡಬೇಕು, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಹೋಗಬೇಕು.